ಅಪ್‌ಡೇಟ್ ಬಂತು, ಸ್ಕ್ರೀನ್ ಹೋಯ್ತು

ದೇವದುರ್ಗದ ಬಸ್ ನಿಲ್ದಾಣದಿಂದ ಯಾವ ದಿಕ್ಕಿಗೆ ನಡೆದರೂ ಕಂಪ್ಯೂಟರ್ ಇಟ್ಟುಕೊಂಡ ಅಂಗಡಿಗಳು ಸಿಗುತ್ತವೆ. ಒಂದು ಆನ್‌ಲೈನ್ ಸೆಂಟರ್, ಪಕ್ಕದಲ್ಲಿ ಜೆರಾಕ್ಸ್, ಅದರಾಚೆ ಮದುವೆ ಕಾರ್ಡ್ ಹಾಗೂ ಫ್ಲೆಕ್ಸ್ ಮಾಡಿಕೊಡುವವರು, ಮೇಲಿನ ಮಹಡಿಯಲ್ಲಿ ಫೋಟೊ ಸ್ಟುಡಿಯೊ. ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಯುವನಿಧಿ, ಪರೀಕ್ಷೆಯ ಹಾಲ್ ಟಿಕೆಟ್, ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ಎಲ್ಲವೂ ಈ ಪುಟ್ಟ ಅಂಗಡಿಗಳ ಮೂಲಕವೇ ಸರ್ಕಾರಕ್ಕೆ ತಲುಪುತ್ತವೆ. ಹೆಚ್ಚಿನ ಅಂಗಡಿಗಳಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದು ನಿಂತರೆ ಅಂದಿನ ದುಡಿಮೆಯೂ ನಿಂತಂತೆ. ಅರ್ಜಿಯ ಕೊನೆಯ ದಿನವಾಗಿದ್ದರೆ ಮುಂದೆ ಸರದಿಯಲ್ಲಿ ನಿಂತವರ ಒಂದು ವರ್ಷವೇ ಹೋಗಬಹುದು.

‘ಸರ್ವರ್ ಬಿಜಿ’ ಎಂಬ ಮಾತಿಗೆ ನಾವೆಲ್ಲ ಒಗ್ಗಿ ಹೋಗಿದ್ದೇವೆ. ಈಚೆಗೆ ಅದರ ಜೊತೆ ಇನ್ನೊಂದು ಮಾತು ಸೇರಿಕೊಂಡಿದೆ. ‘ಅಣ್ಣ, ರಾತ್ರಿತನ ಚಲೋ ಇತ್ತು. ಮುಂಜಾನೆ ಹಚ್ಚಿದ್ರ ಫ್ಯಾನ್ ತಿರುಗತದ, ಲೈಟ್ ಹತ್ತತದ, ಸ್ಕ್ರೀನ್ ಮಾತ್ರ ಬರವಲ್ದು’. ರಿಪೇರಿಯವರ ಉತ್ತರವೂ ಬಹುತೇಕ ಸಿದ್ಧವಾಗಿರುತ್ತದೆ: ‘ಗ್ರಾಫಿಕ್ಸ್ ಕಾರ್ಡ್ ಹೋಗಿರಬೇಕು ತಮ್ಮ, ಇಲ್ಲಾಂದ್ರ ಫಾರ್ಮ್ಯಾಟ್ ಹೊಡಿಬೇಕು’. ಎರಡೂ ದುಬಾರಿ ಉತ್ತರಗಳೇ. ಒಂದರಲ್ಲಿ ಸಾವಿರಾರು ರೂಪಾಯಿ ಹೋಗುತ್ತದೆ, ಇನ್ನೊಂದರಲ್ಲಿ ಯಾರದೋ ಮದುವೆಯ ಫೋಟೊ, ಯಾರದೋ ಅಂಗಡಿಯ ಲೆಕ್ಕ ಅಳಿಸಿಹೋಗುತ್ತದೆ. ಆದರೆ ಹಿಂದಿನ ರಾತ್ರಿ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆಗಿದ್ದರೆ, ಇವೆರಡರ ಅಗತ್ಯವೂ ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ಇದು ಒಂದು ಅಂಗಡಿಯ ಗೋಳಲ್ಲ. ಕಳೆದೆರಡು ವರ್ಷಗಳಲ್ಲಿ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಅಪ್‌ಡೇಟ್‌ಗಳೇ ಕೆಲಸ ಕೆಡಿಸಿದ ಉದಾಹರಣೆಗಳು ಸಾಲುಗಟ್ಟಿವೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ತಪ್ಪು ಎಲ್ಲಿ ಆಗುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಅರ್ಥವಾಗುತ್ತದೆ.

ಡ್ರೈವರ್ ಎಂಬ ಸೇತುವೆ

ಮೊದಲು ಡ್ರೈವರ್ ಎಂದರೇನು ನೋಡೋಣ. ನಮ್ಮ ತಾಲ್ಲೂಕಿನವರಿಗೆ ಹೂವಿನಹೆಡಗಿ ಸೇತುವೆ ಗೊತ್ತು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ಲಕ್ಷಗಟ್ಟಲೆ ಕ್ಯುಸೆಕ್ ನೀರು ಬಿಟ್ಟಾಗ ಅದು ಮುಳುಗುತ್ತದೆ. ಆಗ ದೇವದುರ್ಗದಿಂದ ಶಹಾಪುರದ ಕಡೆ ಹೋಗುವ ದಾರಿ ಬಂದ್. ಈ ದಡದ ಊರೂ ಚೆನ್ನಾಗಿರುತ್ತದೆ, ಆ ದಡದ ಊರೂ ಚೆನ್ನಾಗಿರುತ್ತದೆ, ನಡುವೆ ಓಡಾಟ ಮಾತ್ರ ಇರುವುದಿಲ್ಲ. ಕಂಪ್ಯೂಟರ್‌ನಲ್ಲಿ ವಿಂಡೋಸ್ ಒಂದು ದಡ, ಗ್ರಾಫಿಕ್ಸ್ ಕಾರ್ಡ್ ಇನ್ನೊಂದು ದಡ. ಇವೆರಡರ ನಡುವೆ ಮಾತು ಸಾಗಿಸುವ ತಂತ್ರಾಂಶವೇ ಡ್ರೈವರ್. ಅದು ಕೆಟ್ಟರೆ ಕಂಪ್ಯೂಟರ್ ಒಳಗೆ ಎಲ್ಲ ಕೆಲಸ ನಡೆಯುತ್ತಿದ್ದರೂ ಚಿತ್ರ ಪರದೆಗೆ ಬರುವುದಿಲ್ಲ.

ಸೇತುವೆ ಮುಳುಗಿತೆಂದು ಯಾರೂ ಊರನ್ನು ಕೆಡವಿ ಹೊಸದಾಗಿ ಕಟ್ಟುವುದಿಲ್ಲ. ಡ್ರೈವರ್ ಕೆಟ್ಟಾಗ ಫಾರ್ಮ್ಯಾಟ್ ಹೊಡೆಯುವುದು ಹೆಚ್ಚುಕಡಿಮೆ ಅಂಥದ್ದೇ ಕೆಲಸ.

ಇಲ್ಲಿ ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಕಂಪ್ಯೂಟರ್‌ನ ಬಟನ್ ಒತ್ತಿದ ಕೂಡಲೇ ಕಾಣುವ ಕಂಪನಿಯ ಲೋಗೊ ಡ್ರೈವರ್‌ನಿಂದ ಬರುವುದಲ್ಲ. ಅದನ್ನು ತೋರಿಸುವುದು ಮದರ್‌ಬೋರ್ಡ್ ಒಳಗಿರುವ ಬಯೋಸ್. ಆ ಹೊತ್ತಿಗೆ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ. ವಿಂಡೋಸ್ ಎದ್ದು ತನ್ನ ಡ್ರೈವರ್ ಅನ್ನು ಕರೆಯುವುದು ಆಮೇಲೆ. ಆದ್ದರಿಂದ ಲೋಗೊ ಕಂಡು, ಚುಕ್ಕೆಗಳು ಸುತ್ತಿ, ನಂತರ ಪರದೆ ಕಪ್ಪಾದರೆ ಅನುಮಾನ ಡ್ರೈವರ್ ಮೇಲೆ ಹೋಗಬೇಕು. ಲೋಗೊ ಬಂದಿದೆ ಎಂದರೆ ಮಾನಿಟರ್, ಕೇಬಲ್, ಕಾರ್ಡ್ ಮೂರೂ ಕನಿಷ್ಠ ಮಟ್ಟದಲ್ಲಾದರೂ ಕೆಲಸ ಮಾಡುತ್ತಿವೆ ಎಂದಾಯಿತು. ಲೋಗೊವೇ ಬಾರದಿದ್ದರೆ ಅದು ಬೇರೆ ರೋಗ. ಕೇಬಲ್, ರ‍್ಯಾಮ್, ಮಾನಿಟರ್ ಕಡೆ ನೋಡಬೇಕು. ಅಂಗಡಿಗೆ ಹೊತ್ತುಕೊಂಡು ಹೋಗುವ ಮುನ್ನ ಇದೊಂದನ್ನು ಗಮನಿಸಿದರೂ ಅರ್ಧ ಕೆಲಸ ಮುಗಿದ ಹಾಗೆ.

ದೊಡ್ಡವರ ಮನೆಯ ದೋಷಗಳು

2024ರ ಜುಲೈ 19ರ ಶುಕ್ರವಾರ ಯಾರೂ ಮರೆತಿರಲಿಕ್ಕಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಕಂಪನಿ ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಒಂದು ಚಿಕ್ಕ ಅಪ್‌ಡೇಟ್ ಕಳಿಸಿತು. 78 ನಿಮಿಷಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಅಷ್ಟರೊಳಗೆ, ಮೈಕ್ರೊಸಾಫ್ಟ್ ಅಂದಾಜಿನ ಪ್ರಕಾರ, ಜಗತ್ತಿನ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಉದ್ದುದ್ದ ಸಾಲಿನಲ್ಲಿ ನಿಂತರು, ಚೆಕ್‌ಇನ್ ಕೆಲಸ ಕೈಬರಹಕ್ಕೆ ಇಳಿಯಿತು. ಅದು ಗ್ರಾಫಿಕ್ಸ್ ಡ್ರೈವರ್ ಆಗಿರಲಿಲ್ಲ. ಆದರೆ ವಿಂಡೋಸ್‌ನ ಒಳಮನೆಗೆ ನೇರ ಪ್ರವೇಶವಿರುವ ತಂತ್ರಾಂಶ ಎಂಬ ಅರ್ಥದಲ್ಲಿ ಎರಡೂ ಒಂದೇ ಜಾತಿ. ಒಳಮನೆಯಲ್ಲಿ ಕೆಲಸ ಮಾಡುವವನು ಎಡವಿದರೆ ಇಡೀ ಮನೆ ನಿಲ್ಲುತ್ತದೆ.

ಮರುವರ್ಷ ಗ್ರಾಫಿಕ್ಸ್ ಡ್ರೈವರ್‌ಗಳದ್ದೇ ಸರದಿ. 2025ರ ಜನವರಿ ಕೊನೆಯಲ್ಲಿ ಎನ್‌ವಿಡಿಯಾ ತನ್ನ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಅದರೊಂದಿಗೆ ಬಂದ 572 ಸರಣಿಯ ಡ್ರೈವರ್‌ಗಳನ್ನು ಹಾಕಿಕೊಂಡವರಲ್ಲಿ ಅನೇಕರು ಪರದೆ ಕಪ್ಪಾಗುತ್ತಿದೆ ಎಂದು ದೂರಿದರು. ಹೊಸ ಕಾರ್ಡ್‌ನವರಷ್ಟೇ ಅಲ್ಲ, ಹಿಂದಿನ 40 ಸರಣಿಯವರೂ ತೊಂದರೆಗೆ ಸಿಕ್ಕು 566.36 ಎಂಬ ಹಳೆಯ ಆವೃತ್ತಿಗೆ ವಾಪಸ್ ಹೋದರು. ಕಂಪನಿ ಒಂದಾದ ಮೇಲೊಂದು ತುರ್ತು ತಿದ್ದುಪಡಿ ಕೊಟ್ಟಿತು. ಏಪ್ರಿಲ್ ಮಧ್ಯದಲ್ಲಿ ಬಂದ 576.02 ಆವೃತ್ತಿಯ ತಿದ್ದುಪಡಿ ಪಟ್ಟಿಯಲ್ಲಿ ಕಪ್ಪು ಪರದೆಯ ದೋಷಗಳೇ ಹಲವಿದ್ದವು. ಎರಡೂವರೆ ತಿಂಗಳು ಗ್ರಾಹಕರೇ ಪ್ರಯೋಗಾಲಯವಾಗಿದ್ದರು.

ಇನ್ನೊಂದು ಪ್ರಕರಣ ಇದಕ್ಕಿಂತ ವಿಚಿತ್ರ. 2025ರ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ವಿಂಡೋಸ್ 11ಕ್ಕೆ ಕೆಬಿ5066835 ಎಂಬ ಅಪ್‌ಡೇಟ್ ಬಿಟ್ಟಿತು. ಅದನ್ನು ಹಾಕಿಕೊಂಡ ಯಂತ್ರಗಳು ರಿಕವರಿ ವಿಭಾಗಕ್ಕೆ ಹೋದಾಗ ಯುಎಸ್‌ಬಿ ಕೀಬೋರ್ಡ್ ಮತ್ತು ಮೌಸ್ ಕೆಲಸ ಮಾಡುತ್ತಿರಲಿಲ್ಲ. ಕಂಪ್ಯೂಟರ್ ಕೆಟ್ಟಾಗ ಸರಿಪಡಿಸಲೆಂದೇ ಇರುವ ಜಾಗ ಅದು. ಅಲ್ಲಿಗೆ ಹೋದವರು ಆಯ್ಕೆಗಳನ್ನು ನೋಡಬಹುದಿತ್ತು, ಒತ್ತಲು ಬರುತ್ತಿರಲಿಲ್ಲ. ಅಕ್ಟೋಬರ್ 20ರಂದು ತುರ್ತು ತಿದ್ದುಪಡಿ ಬಂತು. ಆ ಆರು ದಿನಗಳಲ್ಲಿ ಡ್ರೈವರ್ ಕೆಟ್ಟು ಕಪ್ಪು ಪರದೆ ಕಂಡವರಿಗೆ ಬಾಗಿಲೂ ಮುಚ್ಚಿತ್ತು, ಕಿಟಕಿಯೂ ಮುಚ್ಚಿತ್ತು.

ಅದೇ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಉಚಿತ ಬೆಂಬಲವೂ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳಿಗೆ ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಅವಕಾಶ ಸಿಕ್ಕಿತು, ಅಷ್ಟೆ. ವಿಂಡೋಸ್ 11 ಅಧಿಕೃತವಾಗಿ ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ತಂದು ನಡೆಸುವ ಯಂತ್ರಗಳು ಇದಕ್ಕಿಂತ ಹಳೆಯವು ಇರುವುದೇ ಜಾಸ್ತಿ.

ಗ್ರಾಫಿಕ್ಸ್ ಕಾರ್ಡ್‌ಗಳ ಕಥೆಯೂ ಇದೇ. ಜಿಟಿಎಕ್ಸ್ 750 ಟಿಐ, 1050 ಟಿಐ ಮುಂತಾದ ಕಾರ್ಡ್‌ಗಳನ್ನು ನಮ್ಮ ಸ್ಟುಡಿಯೊಗಳೂ ಗೇಮ್ ಆಡುವ ಹುಡುಗರೂ ವರ್ಷಗಳಿಂದ ಬಳಸುತ್ತಿದ್ದಾರೆ. ಇವುಗಳ ತಲೆಮಾರಿಗೆ 2025ರ ಅಕ್ಟೋಬರ್‌ನದ್ದೇ ಕೊನೆಯ ಪೂರ್ಣ ಡ್ರೈವರ್, ಆಮೇಲೆ 2028ರ ಅಕ್ಟೋಬರ್‌ವರೆಗೆ ಮೂರು ತಿಂಗಳಿಗೊಮ್ಮೆ ಭದ್ರತಾ ತಿದ್ದುಪಡಿ ಮಾತ್ರ ಎಂದು ಎನ್‌ವಿಡಿಯಾ ಹೇಳಿದೆ. ಲಿನಕ್ಸ್ ಬಳಸುವವರಿಗೂ ಬಿಸಿ ತಟ್ಟಿತು. 2025ರ ಡಿಸೆಂಬರ್‌ನಲ್ಲಿ ಆರ್ಚ್ ಲಿನಕ್ಸ್ ತನ್ನ ಎನ್‌ವಿಡಿಯಾ ಡ್ರೈವರ್ ಅನ್ನು 590 ಸರಣಿಗೆ ಏರಿಸಿದಾಗ, ಹಳೆಯ ಪ್ಯಾಸ್ಕಲ್ ಕಾರ್ಡ್ ಇದ್ದವರು ಹಾಗೆಯೇ ಅಪ್‌ಡೇಟ್ ಮಾಡಿದರೆ ಡ್ರೈವರ್ ಎದ್ದೇಳುವುದಿಲ್ಲ, ಪರದೆ ಕೆಡಬಹುದು ಎಂದು ಮುಂಚೆಯೇ ಎಚ್ಚರಿಸಿತು. ಕೆಡುತ್ತದೆ ಎಂದು ಮೊದಲೇ ಹೇಳಿದ್ದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಎಚ್ಚರಿಕೆ ಓದುವ ಅಭ್ಯಾಸ ಇದ್ದವರಿಗಷ್ಟೇ ಅದರ ಲಾಭ.

ಬೆವರದೆ ಮಾಡಬಹುದಾದ ತಪಾಸಣೆ

ಹಾಗಾದರೆ ಮುಂಜಾನೆ ಪರದೆ ಕಪ್ಪಾಗಿದ್ದರೆ ಏನು ಮಾಡಬೇಕು? ಮೊದಲು ಹತ್ತು ಹದಿನೈದು ನಿಮಿಷ ಸುಮ್ಮನಿರಿ. ಅಪ್‌ಡೇಟ್ ಇನ್ನೂ ನಡೆಯುತ್ತಿರಬಹುದು. ಆ ನಡುವೆ ಸ್ವಿಚ್ ಆಫ್ ಮಾಡಿದರೆ ಇಲ್ಲದ ತೊಂದರೆ ಹುಟ್ಟುತ್ತದೆ. ಆಮೇಲೆ ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್‌ಗೆ ಜೀವ ಇದೆ, ಕಾಣಿಸುತ್ತಿಲ್ಲ ಅಷ್ಟೆ.

ಜೀವ ಇದೆ ಎಂದು ಗೊತ್ತಾದ ಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿ. ಇದು ಗ್ರಾಫಿಕ್ಸ್ ಡ್ರೈವರ್ ಅನ್ನು ಮಾತ್ರ ಹೊಸದಾಗಿ ಎಬ್ಬಿಸುತ್ತದೆ. ಒಂದು ಸಣ್ಣ ಬೀಪ್ ಕೇಳಿ ಚಿತ್ರ ವಾಪಸ್ ಬಂದರೂ ಬರಬಹುದು. ಬಾರದಿದ್ದರೆ ವಿಂಡೋಸ್ ಮತ್ತು ಪಿ ಒತ್ತಿ, ಬಾಣದ ಕೀ ಒಮ್ಮೆ, ಎಂಟರ್ ಒಮ್ಮೆ ಒತ್ತಿ ನೋಡಿ. ಚಿತ್ರ ಇಲ್ಲದ ಇನ್ನೊಂದು ಪರದೆಗೆ ಹೋಗಿದ್ದರೆ ಇದರಿಂದ ಮರಳುತ್ತದೆ. ಡೆಸ್ಕ್‌ಟಾಪ್ ಆಗಿದ್ದರೆ ಹಿಂಭಾಗದಲ್ಲಿ ಕೇಬಲ್ ಯಾವ ಕಿಂಡಿಯಲ್ಲಿದೆ ನೋಡಿ. ಕಾರ್ಡ್‌ನ ಕಿಂಡಿಯಿಂದ ತೆಗೆದು ಮದರ್‌ಬೋರ್ಡ್‌ನ ಕಿಂಡಿಗೆ ಹಾಕಿದಾಗ ಚಿತ್ರ ಬಂದರೆ, ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಿಂದಲೇ ಮುಂದಿನ ರಿಪೇರಿ ಮಾಡಿಕೊಳ್ಳಬಹುದು. ಎಲ್ಲ ಪ್ರೊಸೆಸರ್‌ಗಳಲ್ಲೂ ಈ ಸೌಲಭ್ಯ ಇರುವುದಿಲ್ಲ, ಕೆಲವು ಬೋರ್ಡ್‌ಗಳು ಕಾರ್ಡ್ ಇರುವಾಗ ಅದನ್ನು ಮುಚ್ಚಿಟ್ಟಿರುತ್ತವೆ. ಲ್ಯಾಪ್‌ಟಾಪ್ ಆದರೆ ಎಚ್‌ಡಿಎಂಐ ಕೇಬಲ್‌ನಿಂದ ಮನೆಯ ಟಿ.ವಿ.ಗೆ ಜೋಡಿಸಿ ನೋಡಬಹುದು.

ಕಪ್ಪು ಪರದೆಯ ಮೇಲೆ ಮೌಸ್‌ನ ಬಾಣ ಕಾಣುತ್ತಿದ್ದರೆ ಡ್ರೈವರ್ ಸ್ವಲ್ಪಮಟ್ಟಿಗಾದರೂ ಕೆಲಸ ಮಾಡುತ್ತಿರಬಹುದು. ಡೆಸ್ಕ್‌ಟಾಪ್ ತೋರಿಸುವ ಎಕ್ಸ್‌ಪ್ಲೋರರ್ ಎದ್ದಿರಲಿಕ್ಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಹೊಸ ಟಾಸ್ಕ್ ಎಂಬಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಸಾಕಾಗಬಹುದು.

ಇದ್ಯಾವುದಕ್ಕೂ ಬಗ್ಗದಿದ್ದರೆ ರಿಕವರಿ ವಿಭಾಗಕ್ಕೆ ಹೋಗಬೇಕು. ಕಂಪ್ಯೂಟರ್ ಆನ್ ಮಾಡಿ, ಲೋಗೊ ಬಂದು ವಿಂಡೋಸ್ ಏಳತೊಡಗಿದಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನೇ ಅನುಮಾನಗೊಂಡು ಆಟೊಮ್ಯಾಟಿಕ್ ರಿಪೇರಿಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಸಾಗಿದರೆ ಸಂಖ್ಯೆಗಳ ಪಟ್ಟಿ ಬರುತ್ತದೆ. 3 ಒತ್ತಿದರೆ ಕಡಿಮೆ ರೆಸಲ್ಯೂಷನ್, 4 ಒತ್ತಿದರೆ ಸೇಫ್ ಮೋಡ್. ಸೇಫ್ ಮೋಡ್‌ನಲ್ಲಿ ವಿಂಡೋಸ್ ಕಂಪನಿಯ ಡ್ರೈವರ್ ಬಿಟ್ಟು ತನ್ನದೇ ಸರಳ ಡ್ರೈವರ್ ಬಳಸುತ್ತದೆ. ದೊಡ್ಡ ಸೇತುವೆ ಮುಳುಗಿದಾಗ ತೆಪ್ಪದಲ್ಲಿ ದಾಟಿದ ಹಾಗೆ. ಅಕ್ಷರಗಳು ದಪ್ಪ ದಪ್ಪ ಕಾಣುತ್ತವೆ, ವೇಗ ಇರುವುದಿಲ್ಲ, ಆದರೆ ದಾಟುತ್ತೇವೆ.

ಅಲ್ಲಿಂದ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಅಡಿಯಲ್ಲಿ ಕಾರ್ಡ್‌ನ ಹೆಸರಿನ ಮೇಲೆ ಬಲಗಡೆ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಎಂಬ ವಿಭಾಗಕ್ಕೆ ಹೋಗಿ. ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ ಹಿಂದಿನ ಡ್ರೈವರ್ ಮರಳುತ್ತದೆ. ಆ ಬಟನ್ ಮಸುಕಾಗಿದ್ದರೆ ಹಳೆಯದು ಉಳಿದಿಲ್ಲ ಎಂದರ್ಥ. ಆಗ ಅನ್‌ಇನ್‌ಸ್ಟಾಲ್ ಮಾಡಿ, ಡ್ರೈವರ್ ತಂತ್ರಾಂಶವನ್ನೂ ಅಳಿಸುವ ಚೌಕಕ್ಕೆ ಟಿಕ್ ಹಾಕಿ, ಮತ್ತೆ ಆನ್ ಮಾಡಿ. ಬಳಿಕ ಕಾರ್ಡ್ ತಯಾರಿಸಿದ ಕಂಪನಿಯ ತಾಣದಿಂದಲೇ ಹಿಂದಿನ ಆವೃತ್ತಿಯನ್ನು ಇಳಿಸಿಕೊಂಡು ಹಾಕಿ. ಸಿಕ್ಕ ಸಿಕ್ಕ ‘ಡ್ರೈವರ್ ಅಪ್‌ಡೇಟರ್’ ತಂತ್ರಾಂಶಗಳನ್ನು ಹಾಕುವುದು ಕಳ್ಳನ ಕೈಗೆ ಕೀಲಿ ಕೊಟ್ಟಂತೆ. ಕೊನೆಗೆ ವಿಂಡೋಸ್ ಅಪ್‌ಡೇಟ್ ಅನ್ನು ಕೆಲವು ವಾರ ‘ಪಾಸ್’ ಮಾಡಿ ಇಡಿ. ಇಲ್ಲದಿದ್ದರೆ ಅದೇ ಕೆಟ್ಟ ಡ್ರೈವರ್ ರಾತ್ರೋರಾತ್ರಿ ಮತ್ತೆ ಬಂದು ಕೂರಬಹುದು. ಲಿನಕ್ಸ್‌ನವರು ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರೆ ಇಂಥದೇ ಸರಳ ಪರದೆ ಸಿಗುತ್ತದೆ.

ಒಂದು ಮುಳ್ಳು ಇಲ್ಲಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬಿಟ್‌ಲಾಕರ್ ಬೀಗದೊಳಗಿರುತ್ತದೆ, ಎಷ್ಟೋ ಸಲ ಮಾಲೀಕರಿಗೇ ಅದು ಗೊತ್ತಿರುವುದಿಲ್ಲ. ರಿಕವರಿಗೆ ಹೋದಾಗ ಅದು 48 ಅಂಕಿಗಳ ಕೀ ಕೇಳುತ್ತದೆ. ಕ್ರೌಡ್‌ಸ್ಟ್ರೈಕ್ ಪ್ರಕರಣದಲ್ಲೂ ದುರಸ್ತಿ ನಿಧಾನವಾಗಲು ಇದೊಂದು ಕಾರಣವಾಗಿತ್ತು. ಕಂಪ್ಯೂಟರ್ ಚೆನ್ನಾಗಿರುವಾಗಲೇ ನಿಮ್ಮ ಮೈಕ್ರೊಸಾಫ್ಟ್ ಖಾತೆಗೆ ಹೋಗಿ ಆ ಕೀ ಬರೆದುಕೊಂಡು ರೇಷನ್ ಕಾರ್ಡ್ ಇಡುವ ಜಾಗದಲ್ಲಿ ಇಡಿ. ಲ್ಯಾಪ್‌ಟಾಪ್ ಕೊಡಿಸಿದವರ, ಸೆಟಪ್ ಮಾಡಿಕೊಟ್ಟವರ ಇ–ಮೇಲ್‌ನಲ್ಲಿ ಖಾತೆ ತೆರೆದಿದ್ದರೆ ಇಂದೇ ಅದನ್ನು ಬದಲಿಸಿ. ಬೀಗ ನಿಮ್ಮದು, ಕೀಲಿ ಇನ್ನೊಬ್ಬರದ್ದು ಆಗಬಾರದು.

ಕಾಲುವೆಯ ಕೊನೇ ಭಾಗದವರು

ಈಗ ಮೂಲ ಪ್ರಶ್ನೆಗೆ ಬರೋಣ. ಇಷ್ಟೊಂದು ಹಂತಗಳಿರುವ ದುರಸ್ತಿಯಲ್ಲಿ ಒಂದು ರೂಪಾಯಿಯ ಬಿಡಿಭಾಗವೂ ಬೇಕಿಲ್ಲ. ಬೇಕಾದದ್ದು ತಿಳಿವಳಿಕೆ ಮಾತ್ರ. ಅದು ಯಾಕೆ ನಮ್ಮಲ್ಲಿಗೆ ಬರುತ್ತಿಲ್ಲ?

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿರುವ ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರನ್ನು ಕೇಳಿದರೆ ಉತ್ತರ ಸಿಗುತ್ತದೆ. ನೀರು ಬಿಟ್ಟ ಸುದ್ದಿ ಎಲ್ಲರಿಗೂ ಒಂದೇ ದಿನ ತಲುಪುತ್ತದೆ, ನೀರು ಮಾತ್ರ ಮೇಲ್ಭಾಗದಲ್ಲೇ ಇಂಗಿಹೋಗುತ್ತದೆ. ಅಪ್‌ಡೇಟ್ ಕೂಡ ಬೆಂಗಳೂರಿಗೂ ದೇವದುರ್ಗಕ್ಕೂ ಒಂದೇ ರಾತ್ರಿ ಇಳಿಯುತ್ತದೆ. ಅದರಿಂದಾದ ತೊಂದರೆಗೆ ಸಿಗುವ ಸಹಾಯ ಮಾತ್ರ ಇಲ್ಲಿಯವರೆಗೆ ಹರಿಯುವುದಿಲ್ಲ. ಬೆಂಗಳೂರಿನ ಕಚೇರಿಯಲ್ಲಿ ಪರದೆ ಕಪ್ಪಾದರೆ ಐ.ಟಿ. ವಿಭಾಗದವರು ಬರುತ್ತಾರೆ, ಅಷ್ಟು ಹೊತ್ತು ಇನ್ನೊಂದು ಲ್ಯಾಪ್‌ಟಾಪ್ ಸಿಗುತ್ತದೆ. ನಮ್ಮಲ್ಲಿ ಸಿಪಿಯು ಅನ್ನು ಗೋಣಿಚೀಲದಲ್ಲಿ ಸುತ್ತಿ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದ ರಾಯಚೂರಿನ ಬಸ್ ಹತ್ತಬೇಕು. ಒಂದು ದಿನದ ದುಡಿಮೆ ಹೋಯಿತು, ಬಸ್ ಕುಲುಕಾಟಕ್ಕೆ ಒಳಗಿನದೇನಾದರೂ ಸಡಿಲಾದರೆ ಅದು ಹೊಸ ಖರ್ಚು.

ನಷ್ಟ ಕೇಳುವ ಶಕ್ತಿಯಲ್ಲೂ ಇದೇ ಅಂತರ. ಕ್ರೌಡ್‌ಸ್ಟ್ರೈಕ್ ಪ್ರಕರಣದಲ್ಲಿ ಸುಮಾರು 50 ಕೋಟಿ ಡಾಲರ್ ನಷ್ಟವಾಯಿತೆಂದು ಅಮೆರಿಕದ ಡೆಲ್ಟಾ ಏರ್‌ಲೈನ್ಸ್ 2024ರ ಅಕ್ಟೋಬರ್‌ನಲ್ಲಿ ಕೋರ್ಟ್ ಮೆಟ್ಟಿಲೇರಿತು. ಕ್ರೌಡ್‌ಸ್ಟ್ರೈಕ್ ಕೂಡ ಇನ್ನು ಮುಂದೆ ಎಲ್ಲರಿಗೂ ಒಮ್ಮೆಲೇ ಕಳಿಸದೆ, ಮೊದಲು ಕೆಲವರಿಗೆ, ಸರಿಯಿದ್ದರೆ ಉಳಿದವರಿಗೆ ಎಂದು ಹಂತ ಹಂತವಾಗಿ ಬಿಡುವುದಾಗಿ ಒಪ್ಪಿಕೊಂಡಿತು. ಒಂದು ದಿನ ಅಂಗಡಿ ಮುಚ್ಚಿದ ಜಾಲಹಳ್ಳಿಯ ಅಥವಾ ಗಬ್ಬೂರಿನ ಆನ್‌ಲೈನ್ ಸೆಂಟರಿನವರು ಯಾರ ಮೇಲೆ ದಾವೆ ಹೂಡಬೇಕು? ತಂತ್ರಾಂಶ ಹಾಕುವಾಗ ನಾವು ಓದದೆ ‘ಒಪ್ಪಿಗೆ’ ಒತ್ತುವ ಒಪ್ಪಂದಗಳಲ್ಲಿ ಕಂಪನಿಗಳು ತಮ್ಮ ಹೊಣೆಗೆ ಸಾಮಾನ್ಯವಾಗಿ ಮಿತಿ ಹಾಕಿಕೊಂಡಿರುತ್ತವೆ.

ಫಾರ್ಮ್ಯಾಟ್ ಹೊಡೆಯುವ ರಿಪೇರಿಯವರನ್ನು ದೂರುವುದೂ ಸುಲಭ. ಆದರೆ ಅವರಲ್ಲಿ ಬಹಳಷ್ಟು ಜನ ಯಾರದೋ ಅಂಗಡಿಯಲ್ಲಿ ಕೂತು, ನೋಡಿ ನೋಡಿ ಕಲಿತವರು. ದೋಷದ ಸಂದೇಶಗಳು ಇಂಗ್ಲಿಷ್‌ನಲ್ಲಿ, ಕಂಪನಿಯ ಸಹಾಯಪುಟಗಳು ಇಂಗ್ಲಿಷ್‌ನಲ್ಲಿ. ಫಾರ್ಮ್ಯಾಟ್ ಒಂದೇ ಎಲ್ಲ ರೋಗಕ್ಕೂ ಖಚಿತ ಮದ್ದು, ಎರಡು ಗಂಟೆಯಲ್ಲಿ ಗಿರಾಕಿಯನ್ನು ಕಳಿಸಬಹುದು. ಅವರು ಸಾಗುತ್ತಿರುವುದು ತಮಗೆ ಗೊತ್ತಿರುವ ದಾರಿಯಲ್ಲಿ. ಬೇರೆ ದಾರಿ ತೋರಿಸಬೇಕಾದ ವ್ಯವಸ್ಥೆ ಇಲ್ಲ.

ಏನು ಮಾಡಬಹುದು?

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ ಆ ಪಟ್ಟಿಯಲ್ಲಿ ದೇವದುರ್ಗವೂ ಇತ್ತು. 2018ರಲ್ಲಿ ಕೇಂದ್ರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ರಾಯಚೂರು ಸೇರಿತು. 2019ರಲ್ಲಿ ಐಐಐಟಿ ರಾಯಚೂರು ಆರಂಭವಾಯಿತು. ಹೀಗೆ ಒಂದೇ ಜಿಲ್ಲೆಯಲ್ಲಿ ರಾಷ್ಟ್ರಮಟ್ಟದ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಇದೆ, ಡ್ರೈವರ್ ರೋಲ್ ಬ್ಯಾಕ್ ಮಾಡುವವರು ಸಿಗದ ತಾಲ್ಲೂಕು ಕೇಂದ್ರಗಳೂ ಇವೆ. ಇವೆರಡರ ನಡುವೆ ಒಂದು ಸೇತುವೆ ಕಟ್ಟುವುದು ಅಸಾಧ್ಯವಲ್ಲ. ಅಲ್ಲಿನ ವಿದ್ಯಾರ್ಥಿಗಳು ವರ್ಷಕ್ಕೆರಡು ವಾರಾಂತ್ಯ ದೇವದುರ್ಗ, ಮಾನ್ವಿ, ಲಿಂಗಸುಗೂರಿಗೆ ಬಂದು ಆನ್‌ಲೈನ್ ಸೆಂಟರ್ ಹಾಗೂ ರಿಪೇರಿ ಅಂಗಡಿಯವರ ಜೊತೆ ಕೂತರೆ ಇಬ್ಬರಿಗೂ ಕಲಿಯುವುದಿದೆ.

ಐಟಿಐಗಳಲ್ಲಿ ಕೋಪಾ ಎಂದು ಕರೆಯುವ ಕಂಪ್ಯೂಟರ್ ಆಪರೇಟರ್ ಕೋರ್ಸ್ ಇದೆ, ಹಾರ್ಡ್‌ವೇರ್ ನಿರ್ವಹಣೆಯ ಕೋರ್ಸ್ ಕೂಡ ಇದೆ. ಟೈಪಿಂಗ್, ಎಕ್ಸೆಲ್ ಕಲಿಸುವಷ್ಟೇ ಆಸ್ಥೆಯಿಂದ, ಬೇಕೆಂದೇ ಕೆಡಿಸಿದ ಕಂಪ್ಯೂಟರ್ ಮುಂದಿಟ್ಟು ‘ಡೇಟಾ ಅಳಿಸದೆ ಸರಿಪಡಿಸು’ ಎಂಬ ಪರೀಕ್ಷೆಯನ್ನೂ ಕೊಡಬೇಕು. ದನದ ಡಾಕ್ಟರನ್ನು ತಯಾರು ಮಾಡುವಾಗ ಬರೀ ಆರೋಗ್ಯವಂತ ಎತ್ತನ್ನು ತೋರಿಸಿ ಕಳಿಸುತ್ತೇವೆಯೇ?

ಪಕ್ಕದ ಕೇರಳದಲ್ಲಿ ಒಂದು ಮಾದರಿ ಇದೆ. ಅಲ್ಲಿನ ಶಾಲೆಗಳು ಸರ್ಕಾರದ ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಬಳಸುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕ್ಲಬ್‌ಗಳಲ್ಲಿ ಅನಿಮೇಷನ್, ಪ್ರೋಗ್ರಾಮಿಂಗ್ ಜೊತೆಗೆ ಹಾರ್ಡ್‌ವೇರ್ ತರಬೇತಿಯೂ ಇದೆ. ಹೈಸ್ಕೂಲಿನ ಮಕ್ಕಳೇ ಶಾಲೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದನ್ನು ಕಲಿಯುತ್ತಾರೆ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಸಾಧ್ಯವಾದದ್ದು ಕಲ್ಯಾಣ ಕರ್ನಾಟಕದ ಕನ್ನಡದ ಮಕ್ಕಳಿಗೆ ಯಾಕೆ ಸಾಧ್ಯವಾಗಬಾರದು? 371 ಜೆ ಕಲಂ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಶಾಲೆಗೆ ಕಂಪ್ಯೂಟರ್ ಕೊಡುವ ಯೋಜನೆಯಲ್ಲಿ ಅದನ್ನು ಸುಸ್ಥಿತಿಯಲ್ಲಿಡುವವರ ತರಬೇತಿಗೂ ಒಂದು ಪಾಲು ಇಟ್ಟರೆ ಸಾಕು.

ಗ್ರಾಹಕರಾಗಿಯೂ ನಮಗೆ ಹಕ್ಕುಗಳಿವೆ. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಕಂಪನಿಗಳು ತಮ್ಮ ಸಾಧನಗಳ ಕೈಪಿಡಿ, ದುರಸ್ತಿ ಮಾಹಿತಿಯನ್ನು ಅಲ್ಲಿ ಹಂಚಿಕೊಳ್ಳಬೇಕೆಂಬುದು ಅದರ ಆಶಯ. ವಾರಂಟಿ ಇದ್ದೂ ಸೇವೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಈ ಮಾಹಿತಿ ಕನ್ನಡದಲ್ಲಿ, ಪಂಚಾಯಿತಿ ಗೋಡೆಯ ಮೇಲೆ ಕಾಣುವಂತಾದರೆ ಹಕ್ಕಿಗೆ ಬೆಲೆ ಬರುತ್ತದೆ.

ಅಪ್‌ಡೇಟ್ ಬೇಡವೇ ಬೇಡ ಎಂದು ಹೇಳುವುದೂ ಸರಿಯಲ್ಲ. ಭದ್ರತಾ ತಿದ್ದುಪಡಿ ಹಾಕದ ಯಂತ್ರದಲ್ಲಿ ಸಾವಿರಾರು ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳುವುದು ಅಪಾಯ. ಆದರೆ ಭದ್ರತಾ ಅಪ್‌ಡೇಟ್ ಬೇರೆ, ಹೊಸ ಆಟಗಳಿಗಾಗಿ ಬರುವ ಗ್ರಾಫಿಕ್ಸ್ ಡ್ರೈವರ್ ಬೇರೆ. ಮೊದಲನೆಯದನ್ನು ತಡಮಾಡದೆ ಹಾಕಿ. ಎರಡನೆಯದು, ಕೆಲಸ ಸರಿಯಾಗಿ ನಡೆಯುತ್ತಿದ್ದರೆ, ಎರಡು ವಾರ ಕಾಯಲಿ. ಹಾಕುವ ಮುನ್ನ ಒಂದು ರಿಸ್ಟೋರ್ ಪಾಯಿಂಟ್ ಮಾಡಿ, ಮುಖ್ಯ ಫೈಲ್‌ಗಳನ್ನು ಇನ್ನೊಂದು ಡಿಸ್ಕಿಗೆ ಇಳಿಸಿ, ಯುಪಿಎಸ್ ಬ್ಯಾಟರಿ ಗಟ್ಟಿಯಿದೆಯೇ ನೋಡಿ. ಶಕ್ತಿನಗರದಲ್ಲಿ ರಾಜ್ಯಕ್ಕೇ ಕರೆಂಟ್ ತಯಾರಾಗುತ್ತದೆ ಎಂಬ ಭರವಸೆ ಮೇಲೆ ಅಪ್‌ಡೇಟ್ ಹಚ್ಚಿ ಕೂತರೆ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಅರ್ಜಿಯ ಕೊನೆಯ ವಾರದಲ್ಲಂತೂ ಡ್ರೈವರ್ ಮುಟ್ಟಲೇಬೇಡಿ.

ಈ ಮಾತುಗಳಿಗೆ ಈಗ ಇನ್ನಷ್ಟು ತುರ್ತು ಇದೆ. ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಮೆಮೊರಿ ಚಿಪ್‌ಗಳೆಲ್ಲ ಅತ್ತ ಹರಿಯುತ್ತಿದ್ದು, 2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿದೆ. ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ಮಾರುತ್ತಿದ್ದ ವ್ಯವಹಾರದಿಂದಲೇ ಹೊರನಡೆಯುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೊಸ ಕಂಪ್ಯೂಟರ್ ಕೊಳ್ಳುವುದು ದುಬಾರಿಯಾದಷ್ಟೂ ಇರುವುದನ್ನು ಉಳಿಸಿಕೊಳ್ಳುವ ವಿದ್ಯೆಗೆ ಬೆಲೆ ಹೆಚ್ಚುತ್ತದೆ. ಕೆಲಸ ಹುಡುಕಿ ಬೆಂಗಳೂರು, ಹೈದರಾಬಾದ್ ಬಸ್ ಹತ್ತುವ ನಮ್ಮ ವಯಸ್ಸಿನವರಿಗೆ ಇದರಲ್ಲಿ ಊರಲ್ಲೇ ಒಂದು ದುಡಿಮೆಯೂ ಇದೆ.

ಮುಂದಿನ ಸಲ ಯಾರಾದರೂ ‘ಸ್ಕ್ರೀನ್ ಬರವಲ್ದು’ ಎಂದರೆ, ‘ಲೋಗೊ ಬಂತೇನು? ರಾತ್ರಿ ಏನರ ಅಪ್‌ಡೇಟ್ ಆಗಿತ್ತೇನು?’ ಎಂದು ಮೊದಲು ಕೇಳಿ. ಆ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ಫಾರ್ಮ್ಯಾಟ್‌ನ ಮಾತು ಎತ್ತುವುದು ಬೇಡ.